ಒಂಟಿ ಆಮೆಗೆ ಜೊತೆ ಬೇಕೆ?

"ಅಯ್ಯೋ ಪಾಪ, ಒಂದೇ ಇದೆಯಲ್ರೀ! ಇನ್ನೊಂದು ತಂದುಬಿಡಿ, ಜೊತೆಯಾಗುತ್ತೆ." ಆಮೆ ಸಾಕಿದವರ ಮನೆಗೆ ಬಂದವರೆಲ್ಲ ಹೇಳುವ ಮಾತಿದು. ಹೇಳುವವರ ಮನಸ್ಸು ಒಳ್ಳೆಯದೇ. ಒಂಟಿ ಜೀವ ಕಂಡರೆ ಜೋಡಿ ಹುಡುಕುವುದು ನಮ್ಮ ಹೆಣ್ಣುಮಕ್ಕಳ ಹುಟ್ಟುಗುಣ, ಅಲ್ಲವೇ? ಆದರೆ ಆಮೆಯ ವಿಷಯದಲ್ಲಿ ಈ ಕರುಣೆ ಅದರ ಪ್ರಾಣಕ್ಕೇ ಕುತ್ತು ತರಬಹುದು.

ಊರಿನಲ್ಲಿರುವ ಸೋದರಿಯರಿಗೆ ಮೊದಲೇ ಒಂದು ಮಾತು. ನಮ್ಮ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವಂತಿಲ್ಲ. ಒಂದಾದರೂ ಸರಿ, ಎರಡಾದರೂ ಸರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅದು ವಿರುದ್ಧ. ಅದೃಷ್ಟ ತರುತ್ತೆ ಅಂತ ಯಾರಾದರೂ ಮಾರಲು ಬಂದರೆ ಅರಣ್ಯ ಇಲಾಖೆಗೆ ತಿಳಿಸಿ. ನಾನು ಬರೆಯುತ್ತಿರುವುದು ಇಂಗ್ಲೆಂಡಿನಿಂದ, ಇಲ್ಲಿನ ಸಾಕು ಆಮೆಗಳ ಬಗ್ಗೆ.

ಇಲ್ಲಿ ಆಮೆ ಸಾಕುವ ಪದ್ಧತಿ ಹಳೆಯದು. ದಕ್ಷಿಣ ಯುರೋಪಿನಿಂದ, ಉತ್ತರ ಆಫ್ರಿಕದಿಂದ ಲಕ್ಷಗಟ್ಟಲೆ ಆಮೆಗಳನ್ನು ಹಡಗಿನಲ್ಲಿ ತುಂಬಿ ತಂದು ಮಾರುತ್ತಿದ್ದರು. 1984ರಲ್ಲಿ ಆ ವ್ಯಾಪಾರಕ್ಕೆ ತಡೆ ಬಿತ್ತು. ಆಮೆ ಐವತ್ತು ವರ್ಷಕ್ಕೂ ಮಿಕ್ಕಿ ಬದುಕುವುದರಿಂದ, ಅಂದು ಬಂದವು ಇಂದಿಗೂ ಕೆಲವು ಮನೆಗಳಲ್ಲಿವೆ. ನಮ್ಮಲ್ಲಿ ಹರ್ಮನ್ ಜಾತಿಯ ಗೌರಿ ಒಬ್ಬಳೇ ಇದ್ದಳು. ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮ ಸೇರುವಾಗ ತಮ್ಮ ಜೋಡಿಯನ್ನೂ ನಮಗೊಪ್ಪಿಸಿದರು. ಅವೂ ಹರ್ಮನ್ ಆಮೆಗಳೇ. ಒಂದು ಗಂಡು, ಒಂದು ಹೆಣ್ಣು.

ಆ ಹೆಣ್ಣಿನ ಹಿಂಗಾಲುಗಳಲ್ಲಿ ಗಾಯ, ಚಿಪ್ಪಿನ ಹಿಂಬದಿಯ ಅಂಚು ಸವೆದುಹೋಗಿತ್ತು. ಬಿಸಿಲಿದ್ದರೂ ಗೂಡಿನಿಂದ ಈಚೆಗೆ ಬರುತ್ತಿರಲಿಲ್ಲ. ಗಂಡಾಮೆ ಹಗಲೆಲ್ಲ ಹಿಂದೆ ಬಿದ್ದು ಚಿಪ್ಪಿಗೆ ಗುದ್ದುವುದು, ಕಾಲು ಕಚ್ಚುವುದು. ಅಜ್ಜಿ ಪ್ರೀತಿಯಿಂದಲೇ ಸಾಕಿದ್ದರು. ಆದರೆ ಆಮೆಗೆ ನಾಯಿ ಬೆಕ್ಕಿನ ಹಾಗೆ ಅಳಲು ದನಿಯಿಲ್ಲ ನೋಡಿ. ಪಶುವೈದ್ಯೆ ಪರೀಕ್ಷಿಸಿ, "ಇವತ್ತೇ ಬೇರೆ ಮಾಡಿ" ಅಂದರು. ಬೇರೆ ಮಾಡಿದ ಮೂರನೆಯ ವಾರಕ್ಕೆ ಅವಳು ತಾನಾಗಿ ಹೊರಬಂದು ದಂಡೇಲಿಯನ್ ಎಲೆ ಮೇಯತೊಡಗಿದಳು. ಆ ದಿನ ನಮ್ಮ ಮನೆಯಲ್ಲಿ ಪಾಯಸ!

ಕಾಡಿನಲ್ಲಿ ಆಮೆ ಹೆಚ್ಚಾಗಿ ತನ್ನ ಪಾಡಿಗೆ ತಾನಿರುವ ಪ್ರಾಣಿ. ಗಂಡು ಕಾಡಿದರೆ ಹೆಣ್ಣು ಪೊದೆಯಾಚೆ ಸರಿದು ಹೋದೀತು. ಬೇಲಿಯೊಳಗೆ ಎಲ್ಲಿಗೆ ಹೋದೀತು? ಒಂದರ ಮೇಲೊಂದು ಹತ್ತಿ ಮಲಗಿದರೆ ನಾವು 'ಎಷ್ಟು ಅನ್ಯೋನ್ಯ' ಅಂತ ಮೆಚ್ಚುತ್ತೇವೆ. ಅದು ಎಷ್ಟೋ ಸಲ ಬಿಸಿಲಿನ ಜಾಗಕ್ಕಾಗಿ ಪೈಪೋಟಿ ಅಷ್ಟೆ.

ಹಾಗಾದರೆ ಒಂದಕ್ಕಿಂತ ಹೆಚ್ಚು ಇದ್ದವರು ಏನು ಮಾಡಬೇಕು? ಮೊದಲು ಗಂಡು ಹೆಣ್ಣು ಗುರುತಿಸಿ. ಗಂಡಿನ ಬಾಲ ಉದ್ದ, ಬುಡ ದಪ್ಪ. ಹೊಟ್ಟೆಯ ಚಿಪ್ಪು ತುಸು ಒಳಕ್ಕೆ ತಗ್ಗಿರುತ್ತದೆ. ಮರಿಗಳಲ್ಲಿ ಇದು ತಿಳಿಯುವುದಿಲ್ಲ. 'ಎರಡೂ ಹೆಣ್ಣೇ' ಎಂದು ಮಾರುವವರ ಮಾತು ನಂಬಬೇಡಿ. ಒಂದು ಗಂಡು ಒಂದು ಹೆಣ್ಣು ಕೂಡಿಡಬೇಡಿ. ಎರಡು ಗಂಡುಗಳನ್ನಂತೂ ಬೇಡವೇ ಬೇಡ. ಕಾದಾಟದಲ್ಲಿ ಒಂದು ಅಂಗಾತ ಬಿದ್ದು, ತಿರುಗಲಾರದೆ ಬಿಸಿಲಿನಲ್ಲಿ ಉಳಿದರೆ ಪ್ರಾಣವೇ ಹೋದೀತು.

ಹೊಸ ಆಮೆ ಬಂದರೆ ಕನಿಷ್ಠ 6 ತಿಂಗಳು ಪ್ರತ್ಯೇಕವಾಗಿಡಿ. ತಟ್ಟೆ, ನೀರು, ಎಲ್ಲ ಬೇರೆ. ಹರ್ಪಿಸ್ ವೈರಸ್ ಹೊತ್ತ ಆಮೆ ನೋಡಲು ಗಟ್ಟಿಮುಟ್ಟಾಗಿರಬಹುದು, ಜೊತೆಯದು ಸಾಯಬಹುದು. ಬೇರೆ ಬೇರೆ ಜಾತಿಯವನ್ನು ಎಂದೂ ಬೆರೆಸಬೇಡಿ. ಒಂದಕ್ಕೆ ಏನೂ ಮಾಡದ ರೋಗ ಇನ್ನೊಂದಕ್ಕೆ ಮೃತ್ಯು.

ಈಗ ನಮ್ಮಲ್ಲಿ ಹೆಣ್ಣುಗಳೆರಡಕ್ಕೂ ಸೇರಿ 16 ಅಡಿ ಉದ್ದ, 10 ಅಡಿ ಅಗಲದ ಅಂಗಳ. ಗೂಡು ಎರಡು, ಊಟದ ತಟ್ಟೆ ಎರಡು, ನೀರಿನ ತಟ್ಟೆ ಎರಡು, ಬಿಸಿಲು ಕಾಯಲು ಎರಡು ಚಪ್ಪಡಿ ಕಲ್ಲು. ನಡುವೆ ಪೊದೆ, ಕಲ್ಲುಗುಂಡು; ಒಬ್ಬಳಿಗೆ ಇನ್ನೊಬ್ಬಳು ಸದಾ ಕಾಣಿಸುತ್ತಿರಬಾರದು. ಮೊಟ್ಟೆಯಿಡಲು ಸಡಿಲ ಮಣ್ಣಿನ ದಿಬ್ಬ. ಬಹಳ ಕಾಲ ಗಂಡಿನಿಂದ ದೂರವಿದ್ದರೂ ಮೊಟ್ಟೆಯಿಟ್ಟಾವು! ಗಂಡಿನದು ಆಚೆ ಕಡೆ ಪ್ರತ್ಯೇಕ ಬಿಡಾರ. ನಡುವಿನ ತಡೆ ಹಲಗೆಯದಾಗಿರಲಿ. ತಂತಿಬಲೆ ಹಾಕಿದರೆ ಅದು ದಿನವಿಡೀ ಬೇಲಿಗುಂಟ ಓಡಾಡಿ ಸೊರಗುತ್ತದೆ. ಹಲಗೆಯ ಬುಡ ಮಣ್ಣಿನೊಳಗೂ ಇಳಿದಿರಲಿ, ಇಲ್ಲವಾದರೆ ತೋಡಿಕೊಂಡು ಬಂದೀತು.

ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ಒಂದರ ತೂಕ ಏರುತ್ತ ಇನ್ನೊಂದರದು ಇಳಿಯುತ್ತಿದ್ದರೆ, ಜಗಳ ಕಣ್ಣಿಗೆ ಬೀಳದಿದ್ದರೂ ಬೇರೆ ಮಾಡಿ. ತಕ್ಕಡಿ ಮಾತ್ರ ಅಡುಗೆಮನೆಯದಾಗಬಾರದು! ಆಮೆಯ ಮೈಯಲ್ಲಿ ಸಾಲ್ಮೊನೆಲ್ಲ ಇರಬಹುದು. ಮುಟ್ಟಿದ ಮೇಲೆ ಮಕ್ಕಳೂ ನೀವೂ ಸೋಪು ಹಾಕಿ ಕೈ ತೊಳೆಯಿರಿ.

ಇಷ್ಟೆಲ್ಲಕ್ಕೆ ಜಾಗವಿಲ್ಲದವರು ಒಂದನ್ನೇ ಸಾಕಿ, ಚೆನ್ನಾಗಿ ಸಾಕಿ. ಮುಂದಿನ ಸಲ ಯಾರಾದರೂ "ಪಾಪ, ಒಂಟಿ" ಅಂದರೆ ಕಾಫಿ ಕೊಟ್ಟು, "ಅದು ಸುಖವಾಗಿದೆ ಕಣ್ರೀ" ಅಂತ ನಗುತ್ತಲೇ ಹೇಳಿಬಿಡಿ.