ಸೋರೆಬುರುಡೆಯ ಪರೀಕ್ಷೆ

ಕೊಂಕಲ್ ಗ್ರಾಮವಿರುವ ಯಾದಗಿರಿ ಜಿಲ್ಲೆಗೆ ಸಮುದ್ರವಿಲ್ಲ. ಆದರೆ ಮಳೆಗಾಲದ ಕೃಷ್ಣೆಗೆ ಸಮುದ್ರದ ಸೊಕ್ಕೇನೂ ಕಡಿಮೆಯಲ್ಲ. ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಆ ಹೊಳೆಯ ನಡುಗಡ್ಡೆ. 2014ರ ಪ್ರವಾಹದಲ್ಲಿ ಅಲ್ಲಿನ ತುಂಬುಗರ್ಭಿಣಿಯೊಬ್ಬಳು, ಆಸ್ಪತ್ರೆಯ ಹೆರಿಗೆಯೇ ಕ್ಷೇಮವೆಂದು ನಿಶ್ಚಯಿಸಿ, ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ನೀರಿಗಿಳಿದಳು. ತಂದೆ, ಸೋದರ ಜೊತೆಯಲ್ಲಿಯೇ ಈಜಿದರು. ದಡ ಸಿಕ್ಕಿತು, ನಾಡು ಅವಳ ಧೈರ್ಯವನ್ನು ಕೊಂಡಾಡಿತು.

ಬುರುಡೆ ತೇಲಿಸುವುದೇನೋ ನಿಜ; ಕೈಸೋತವರ ಮುಖವನ್ನು ಅದು ಮೇಲಕ್ಕೆ ತಿರುಗಿಸಲಾರದು. ಕಡಲ ಹಡಗುಗಳ ಜೀವರಕ್ಷಕ ಅಂಗಿಯಿಂದ ಅಂತರರಾಷ್ಟ್ರೀಯ ನಿಯಮ ಬಯಸುವುದು ಇದನ್ನೇ. 1912ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ, 1914ರಲ್ಲಿ ಮೊದಲ ಒಪ್ಪಂದವಾಯಿತು. ನಿಯಮಗಳು ಅಲ್ಲಿಂದ ಬೆಳೆದು ಬಂದವು. ಹೊಸಬರಿಗೂ ಅಂಗಿ ತೊಡಲು 1 ನಿಮಿಷ ಸಾಕಾಗಬೇಕು. 2 ಸೆಕೆಂಡು ಬೆಂಕಿ ಆವರಿಸಿದರೂ ಅದು ಉರಿಯುತ್ತಿರಬಾರದು. 24 ಗಂಟೆ ಸಿಹಿನೀರಿನಲ್ಲಿ ಮುಳುಗಿಸಿಟ್ಟರೂ ತೇಲಿಸುವ ಶಕ್ತಿ ನೂರಕ್ಕೆ 5ಕ್ಕಿಂತ ಹೆಚ್ಚು ಕುಗ್ಗಬಾರದು. ಪ್ರಜ್ಞೆ ತಪ್ಪಿದವರನ್ನೂ ಅಂಗಾತವಾಗಿಸಿ, ಬಾಯಿಯನ್ನು ನೀರಿನಿಂದ ಮೇಲೆ ಹಿಡಿಯಬೇಕು.

ಆ ತಾಯಿಯ ಬುರುಡೆಗಳಿಗೆ ಪರೀಕ್ಷೆ ನಡೆದದ್ದು ತುಂಬಿದ ಹೊಳೆಯಲ್ಲಿ. ಪಣವಾಗಿದ್ದವು ಎರಡು ಜೀವ. ಜೀವ ಕಾಯುವ ವಸ್ತುವಿನ ಪರೀಕ್ಷೆ, ಜೀವ ನೀರಿಗಿಳಿಯುವ ಮೊದಲೇ ಮುಗಿದಿರಬೇಡವೇ?