ಇನ್‌ಸ್ಪೆಕ್ಟರು ಬಾರದ ಮನೆ

ಶಾಲಾ ತಪಾಸಣೆಯ ದಿನಗಳು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಗೋಡೆಗೆ ಸುಣ್ಣ ಬಳಿಯುವುದು, ನಿಮ್ಮಿಂದ ಭೂಪಟಗಳ ಧೂಳು ಒರೆಸಿಸುವುದು, ಹಿಂದಿನ ರಾತ್ರಿ ಕುಳಿತು ನಾನು ಪಾಠ ಟಿಪ್ಪಣಿಯನ್ನು 'ಪೂರ್ಣಗೊಳಿಸುವುದು'. (ಈಗ ಒಪ್ಪಿಕೊಂಡರೆ ಪಿಂಚಣಿಗೆ ಕುತ್ತು ಬಾರದೆಂದು ನಂಬಿದ್ದೇನೆ.) ಸಾಹೇಬರು ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಎಲ್ಲವನ್ನೂ ನೋಡುತ್ತಿದ್ದರು. ಪಾಠ ಅರ್ಥವಾಗುತ್ತಿದೆಯೇ ಎಂದು ನಿಮ್ಮನ್ನು ಕೇಳಿದವರು ವಿರಳ.

2021ರಲ್ಲಿ ನನ್ನ ಪತ್ನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಒಂದು ಏಜೆನ್ಸಿಯವರು ಹಗಲಿಗೊಬ್ಬರು, ರಾತ್ರಿಗೊಬ್ಬರು ಆರೈಕೆಯ ಹೆಂಗಸರನ್ನು ಕಳುಹಿಸಿದರು. 'ತರಬೇತಿ ಪಡೆದವರು' ಎಂದರು, ನಂಬಿದೆನು. ಟಿ.ಸಿ. ಇಲ್ಲದೆ ಒಂದು ಮಗುವನ್ನೂ ಶಾಲೆಗೆ ಸೇರಿಸಿಕೊಳ್ಳದ ನಾನು, ಇವರ ಪ್ರಮಾಣಪತ್ರವನ್ನು ಕೇಳಲಿಲ್ಲ. ಎರಡನೆಯ ತಿಂಗಳಲ್ಲಿ ಒಂದು ಸಂಜೆ, ಹಗಲಿನಾಕೆ ಕೊಟ್ಟಿದ್ದ ರಕ್ತದೊತ್ತಡದ ಮಾತ್ರೆಯನ್ನು ರಾತ್ರಿಯಾಕೆ ತಿಳಿಯದೆ ಮತ್ತೆ ಕೊಟ್ಟಳು. ಆಕೆ ಎದ್ದು ನಿಲ್ಲಿಸುವಷ್ಟರಲ್ಲಿ ನನ್ನ ಪತ್ನಿ ಕುಸಿದು ಬಿದ್ದಳು. ಆಸ್ಪತ್ರೆಯಲ್ಲಿ ಎರಡು ರಾತ್ರಿ ಕಳೆದೆವು. ಏಜೆನ್ಸಿಗೆ ಫೋನ್ ಮಾಡಿದಾಗ ಬಂದ ಉತ್ತರ, "ಬೇರೆಯವರನ್ನು ಕಳುಹಿಸುತ್ತೇವೆ ಸಾರ್."

ಯಾರಿಗೆ ದೂರುವುದು? ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆಗೆ ತಿದ್ದುಪಡಿ ತಂದು, ಇಂತಹ ಗೃಹ ಆರೈಕೆ ಸಂಸ್ಥೆಗಳನ್ನು ನೋಂದಣಿಗೆ ಒಳಪಡಿಸುವ ಮಸೂದೆಯೊಂದನ್ನು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. ಅದು ಅಂಗೀಕಾರವಾಗದೆಯೇ 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿದು, ಮಸೂದೆಯೂ ಬಿದ್ದುಹೋಯಿತು.

ಇಂಗ್ಲೆಂಡಿನಲ್ಲಿ ಇಂತಹುದೇ ಆರೈಕೆ ಸಂಸ್ಥೆಯಲ್ಲಿ ಕೆಲಸ ಮಾಡುವ ನನ್ನ ಶಿಷ್ಯೆಯೊಬ್ಬಳು ಒಂದು ಭಾನುವಾರ ಫೋನ್ ಮಾಡಿದಾಗ ಈ ಗೋಳನ್ನು ತೋಡಿಕೊಂಡೆನು. ಅಲ್ಲಿ ಮನೆಗೆ ಹೋಗಿ ಮೈಮುಟ್ಟಿ ಆರೈಕೆ ಮಾಡುವ ಸಂಸ್ಥೆಯು, 2009ರಲ್ಲಿ ಕಾರ್ಯಾರಂಭ ಮಾಡಿದ ಕೇರ್ ಕ್ವಾಲಿಟಿ ಕಮಿಷನ್ನಿನಲ್ಲಿ ನೋಂದಣಿಯಾಗಿರಲೇಬೇಕು, ಇಲ್ಲವಾದರೆ ಅಪರಾಧ. ತಪಾಸಕರು ಐದು ಪ್ರಶ್ನೆಗಳನ್ನಿಟ್ಟುಕೊಂಡು ಬರುತ್ತಾರೆ: ಸೇವೆ ಸುರಕ್ಷಿತವೇ, ಪರಿಣಾಮಕಾರಿಯೇ, ಅಕ್ಕರೆಯುಳ್ಳದ್ದೇ, ರೋಗಿಯ ಅಗತ್ಯಕ್ಕೆ ಸ್ಪಂದಿಸುವುದೇ, ಆಡಳಿತ ಸಮರ್ಥವೇ. ಅಕ್ಕರೆಗೂ ಅಂಕ! 'ಅತ್ಯುತ್ತಮ'ದಿಂದ 'ಅಸಮರ್ಪಕ'ದವರೆಗೆ ನಾಲ್ಕು ದರ್ಜೆಗಳಿವೆ, ಬಂದ ದರ್ಜೆಯನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು.

ಮಾತ್ರೆ ಕೊಟ್ಟ ಪ್ರತಿ ಸಲವೂ ಆರೈಕೆಯವರು ಪಟ್ಟಿಯಲ್ಲಿ ಗುರುತು ಹಾಕಬೇಕಂತೆ. ತಪಾಸಕರು ಆ ಪಟ್ಟಿಯನ್ನು, ಸಿಬ್ಬಂದಿಯ ಹಿಂದಿನ ಅಪರಾಧಗಳ ಪರಿಶೀಲನಾ ಪತ್ರವನ್ನು, ತಡವಾದ ಮತ್ತು ತಪ್ಪಿದ ಭೇಟಿಗಳನ್ನು ನೋಡುತ್ತಾರೆ. "ಆದರೆ ಸಾರ್, ಕಡತ ನೋಡಿ ಹೋಗಿಬಿಡುವುದಿಲ್ಲ. ಆರೈಕೆ ಪಡೆಯುವವರಿಗೇ ಫೋನ್ ಮಾಡುತ್ತಾರೆ, ಅವರು ಒಪ್ಪಿದರೆ ಮನೆಗೂ ಹೋಗಿ ಮಾತಾಡಿಸುತ್ತಾರೆ," ಎಂದಳು. ಮನೆಯ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆಯುವುದನ್ನು ಬಲ್ಲವರು ಅವರೇ ತಾನೆ!

ಅಲ್ಲಿಯೂ ಎಲ್ಲವೂ ಸರಿಯಿಲ್ಲ. ಐದರಲ್ಲೊಂದು ಸಂಸ್ಥೆಗೆ ಎಂದೂ ದರ್ಜೆಯನ್ನೇ ನೀಡಿಲ್ಲವೆಂದು 2024ರಲ್ಲಿ ಪೆನ್ನಿ ಡ್ಯಾಶ್ ಅವರ ಪರಿಶೀಲನಾ ವರದಿ ಹೇಳಿತು. ತಪಾಸಕರನ್ನೇ ತಪಾಸಣೆ ಮಾಡಿ, ಫಲಿತಾಂಶವನ್ನು ಬಹಿರಂಗಪಡಿಸುವ ಆ ಧೈರ್ಯವನ್ನು ಮಾತ್ರ ನಾನು ಮೆಚ್ಚಿದೆನು.

ನಾನೂ ಸುಮ್ಮನಿರಲಿಲ್ಲವೆಂದು ಅವಳಿಗೆ ಹೆಮ್ಮೆಯಿಂದ ಹೇಳಿದೆನು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮಾತ್ರೆ, ಊಟ, ಸ್ನಾನ, ವ್ಯಾಯಾಮ ಎಂದು ಕಾಲಂ ಮಾಡಿದ್ದೆನು. ವೇಳೆ, ಸಹಿ ಕಡ್ಡಾಯ. ಪ್ರತಿ ರಾತ್ರಿ ಕೆಂಪು ಶಾಯಿಯಲ್ಲಿ ನನ್ನ ರುಜು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನವರನ್ನು ಕೇಳಿದಿರಾ ಸಾರ್?" ಎಂದಳು.

ಕೇಳಿರಲಿಲ್ಲ. ಮಾತು ಅಷ್ಟಿಷ್ಟು ಮರಳಿದ್ದರೂ ಕೇಳಿರಲಿಲ್ಲ. ಅಂದು ಮಧ್ಯಾಹ್ನ, ಆರೈಕೆಯಾಕೆ ಊಟಕ್ಕೆ ಹೋದಾಗ, ಮಂಚದ ಬದಿಯಲ್ಲಿ ಕುಳಿತು, ಏನಾದರೂ ತೊಂದರೆಯಿದೆಯೇ ಎಂದೆನು. ಬಹಳ ಹೊತ್ತು ಪದಗಳನ್ನು ಹುಡುಕಿ ಅವಳು ನಿಧಾನವಾಗಿ ಹೇಳಿದಳು: "ರೀ... ಸ್ನಾನ ಮಾಡಿಸುವಾಗ... ಬಾಗಿಲು... ಹಾಕಲಿ."

ಬಚ್ಚಲಿನ ಬಾಗಿಲು ಉಬ್ಬಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಆರೈಕೆಯಾಕೆ ಅದನ್ನು ತೆರೆದೇ ಬಿಡುತ್ತಿದ್ದಳಂತೆ, ಐದು ತಿಂಗಳಿಂದ. ನೋಟ್‌ಬುಕ್ ತೆರೆದು ನೋಡಿದೆನು. ಪ್ರತಿದಿನವೂ 'ಸ್ನಾನ, 8.30, ಆಯಿತು', ಪಕ್ಕದಲ್ಲಿ ಅವಳ ಸಹಿ, ಕೆಳಗೆ ನನ್ನ ಕೆಂಪು ರುಜು. ಬಡಗಿಯನ್ನು ಕರೆತರಲು ಅಂದೇ ಹೊರಟೆನು. ಭಾನುವಾರವಾದ್ದರಿಂದ ಸಿಗಲಿಲ್ಲ, ಸೋಮವಾರ ಬಂದು ಬಾಗಿಲನ್ನು ಕೀಸಿ, ಚಿಲಕ ಹಾಕಿಕೊಟ್ಟ.