ಆಚಾರಿಯ ಕತ್ತಿ

ಕತ್ತಿಯ ವಿಷಯ ಬರೆಯುವ ಅಧಿಕಾರ ನನಗಿಲ್ಲವೆಂದು ನನ್ನ ಮನೆಯವರ ಮತ. ಹಲಸಿನ ಹಣ್ಣು ಕೊರೆಯಲು ಕುಳಿತರೆ ಹಣ್ಣಿಗಿಂತ ನನ್ನ ಬೆರಳಿಗೇ ಹೆಚ್ಚು ಗಾಯವಾಗುತ್ತದೆ. ಪೆನ್ಸಿಲು ಕೆತ್ತುವುದೇ ನನ್ನ ಶಸ್ತ್ರವಿದ್ಯೆಯ ಪರಮಾವಧಿ. ಆದರೂ ವರ್ಷಕ್ಕೊಂದು ದಿನ, ತರಗತಿಯ ನಾಲ್ಕು ಗೋಡೆಗಳ ನಡುವೆ, ನಾನು ಮಹಾಶೂರನಾಗುತ್ತೇನೆ. ಅದು ‘ಉಕ್ಕು’ ಎಂಬ ಶಬ್ದ ಪಾಠದಲ್ಲಿ ಬಂದ ದಿನ.

“ಹುಡುಗರೇ, ಇಂಗ್ಲಿಷಿನ ‘ವೂಟ್ಜ್’ ಎಲ್ಲಿಯದು ಗೊತ್ತೇ?” ಎಂದು ಆರಂಭಿಸುತ್ತೇನೆ. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಈ ದೇಶದ ಉಕ್ಕಿನ ಗಟ್ಟಿಗಳನ್ನು ಕಳಿಸಿದ. ಮರುವರ್ಷವೇ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ಪ್ರಬಂಧ ಓದಿದ. ನಮ್ಮ ‘ಉಕ್ಕು’ ಅವರ ಕಿವಿಯಲ್ಲೋ ಲೇಖನಿಯಲ್ಲೋ ತಿರುಚಿಕೊಂಡು ‘ವೂಟ್ಜ್’ ಆಯಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ದಮಾಸ್ಕಸ್ಸಿನ ಹೆಸರು ಹೊತ್ತು ಮೆರೆದ, ನೀರಿನ ಅಲೆಯಂತಹ ಗೆರೆಗಳಿದ್ದ ಕತ್ತಿಗಳ ಹುಟ್ಟು ಈ ಬಗೆಯ ಉಕ್ಕಿನಿಂದಲೇ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್, ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡಿನೊಡನೆ ತಂಗಡಿಯ ಕಡ್ಡಿ ಮತ್ತು ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ 1819ರಿಂದ ಮೂರು ವರ್ಷ ಈ ಉಕ್ಕಿನ ಗುಟ್ಟಿಗಾಗಿ ತಲೆ ಕೆಡಿಸಿಕೊಂಡ. ಇಷ್ಟು ಹೇಳುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ನಾನು ಎದೆಯುಬ್ಬಿಸಿಕೊಂಡು ಮನೆಗೆ ಹೊರಡುತ್ತೇನೆ.

ಮನೆಯ ದಾರಿಯಲ್ಲಿ ಒಂದು ಕುಲುಮೆಯಿದೆ. ಜೊಯಿಡಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಅದರ ಮುಂದೆ ದಿನಕ್ಕೆರಡು ಸಲ ಹಾದುಹೋಗಿದ್ದೇನೆ. ಆದರೆ ಒಮ್ಮೆಯೂ ಒಳಗೆ ಕಾಲಿಟ್ಟವನಲ್ಲ. ನನ್ನನ್ನು ಅದರೊಳಗೆ ಎಳೆದುಕೊಂಡು ಹೋದವನು ಅಮೆರಿಕಾದಿಂದ ಬಂದ ನನ್ನ ಅಕ್ಕನ ಮಗ.

ಕಳೆದ ಮಾಘದಲ್ಲಿ ಉಳವಿಯ ಜಾತ್ರೆ ನೋಡಬೇಕೆಂದು ಅವನು ಬಂದಿದ್ದ. ಬಸ್ ನಿಲ್ದಾಣದಲ್ಲಿ ಒಬ್ಬ ಕುಣಬಿ ಮುದುಕರು ನಿಂತಿದ್ದರು. ಸೊಂಟದ ಹಿಂದೆ ಕೊಕ್ಕೆ, ಕೊಕ್ಕೆಯಲ್ಲಿ ಕೊಯ್ತಾ. ಈ ಕಾಡಿನ ಸೀಮೆಯಲ್ಲಿ ಅದೊಂದು ಆಯುಧವಲ್ಲ. ನನ್ನ ಜೇಬಿನಲ್ಲಿ ಪೆನ್ನು ಇರುವ ಹಾಗೆ ಅವರ ಸೊಂಟದಲ್ಲಿ ಅದು. ಬೇಲಿಯ ಮುಳ್ಳು ಸವರಲು, ಬಿದಿರು ಸೀಳಲು, ಸೌದೆ ಕಡಿಯಲು, ದಾರಿಗೆ ಅಡ್ಡ ಬಂದ ಬಳ್ಳಿ ಬಿಡಿಸಲು ಅದೊಂದೇ ಸಾಕು. ಹುಡುಗ ಜಾತ್ರೆಯನ್ನು ಮರೆತು ಅದನ್ನೇ ನೋಡುತ್ತ ನಿಂತ.

ಅವನಿಗೆ ಕತ್ತಿ ಸಂಗ್ರಹಿಸುವ ಹುಚ್ಚೆಂದು ಆಗ ತಿಳಿಯಿತು. ಕೈಯಿಂದ ಮಾಡಿದ ಹನ್ನೆರಡು ಕತ್ತಿಗಳು ಅವನ ಮನೆಯ ಗಾಜಿನ ಪೆಟ್ಟಿಗೆಯಲ್ಲಿವೆಯಂತೆ. ಒಂದೊಂದರ ಬೆಲೆ ಕೇಳಿ ನನಗೆ ನನ್ನ ಪ್ರಾವಿಡೆಂಟ್ ಫಂಡಿನ ನೆನಪಾಯಿತು.

“ಇಷ್ಟೊಂದು ಕತ್ತಿಯಿಂದ ಏನು ಹೆಚ್ಚುತ್ತೀಯೋ?” ಎಂದೆ.

“ಹೆಚ್ಚುವುದೇ! ಎಣ್ಣೆ ಸವರಿ, ಒರೆಸಿ ಇಡುತ್ತೇನೆ, ಮಾವ.”

ಉಳವಿಗೆ ಹೋಗುವ ದಾರಿಯುದ್ದಕ್ಕೂ ಅವನು ಹೇಳಿದ ಕಥೆಗಳನ್ನು ಕೇಳಿ ನನ್ನ ನಗೆ ಅಡಗಿತು. ರಾಬರ್ಟ್ ಲವ್‌ಲೆಸ್ ಎಂಬುವನು ಹಡಗಿನಲ್ಲಿ ದುಡಿಯುತ್ತಿದ್ದವನು. 1950ರ ದಶಕದ ಆರಂಭದಲ್ಲಿ ಅವನು ಫ್ಲಾರಿಡಾದ ರಾಂಡಲ್ ಎಂಬ ಕುಶಲಿಯ ಕತ್ತಿ ಕೊಳ್ಳಲು ನ್ಯೂಯಾರ್ಕಿನ ಅಂಗಡಿಗೆ ಹೋದ. ತಿಂಗಳುಗಟ್ಟಲೆ ಕಾಯಬೇಕು ಎಂದರು. ಇವನಿಗೆ ರೇಗಿತು. ಗುಜರಿಯಲ್ಲಿ ಬಿದ್ದಿದ್ದ ಪ್ಯಾಕರ್ಡ್ ಕಾರಿನ ಕಮಾನು ಪಟ್ಟಿಯನ್ನು ತಂದು ತಾನೇ ಒಂದು ಕತ್ತಿ ಮಾಡಿಕೊಂಡ. 2010ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅವನ ಮುದ್ರೆಯಿದ್ದ ಕತ್ತಿಗಾಗಿ ಜನ ಸಾವಿರಾರು ಡಾಲರು ಸುರಿಯುತ್ತಿದ್ದರು. ಅಲ್ ಪೆಂಡ್ರೆ ಎಂಬ ಇನ್ನೊಬ್ಬ, ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುವವನು. ಜಾನ್ ವರ್ಹೋವನ್ ಎಂಬ ಪ್ರಾಧ್ಯಾಪಕರೊಡನೆ ಸೇರಿ, ವರ್ಷಗಟ್ಟಲೆ ಮೂಸೆ ಒಡೆದು, ಒಡೆದು, ಕೊನೆಗೆ ಆ ಅಲೆಗೆರೆಯ ಹಳೆಯ ಉಕ್ಕನ್ನು ಮತ್ತೆ ಕಾಯಿಸಿ ತೆಗೆದ. ಅದಿರಿನಲ್ಲಿ ಲೇಶಮಾತ್ರ ಬೆರೆತಿರುವ ವೆನೇಡಿಯಮ್ಮಿನಂತಹ ಧಾತುಗಳಿಂದಲೇ ಆ ಗೆರೆಗಳು ಮೂಡುವುವೆಂದು ಅವರು ಕಂಡುಕೊಂಡರು.

“ನಮ್ಮ ಉಕ್ಕು!” ಎಂದು ನಾನು ಬಸ್ಸಿನಲ್ಲೇ ಕೂಗಿದೆ.

“ಹೌದು ಮಾವ, ಇಲ್ಲಿ ಯಾರು ಮಾಡುತ್ತಾರೆ?” ಎಂದ ಅವನು. ನಾನು ಕಿಟಕಿಯ ಹೊರಗೆ ನೋಡಿದೆ.

ಮರುದಿನ ಇಬ್ಬರೂ ಕುಲುಮೆಗೆ ಹೋದೆವು. ಆಚಾರಿಗೆ ಎಪ್ಪತ್ತು ದಾಟಿದೆ. ತಂದೆಯ ಕಾಲದಲ್ಲಿ ಕುಲುಮೆ ಹಳೆಯ ಸೂಪಾದಲ್ಲಿತ್ತು. 1980ರ ದಶಕದಲ್ಲಿ ಕಾಳಿಯ ಅಣೆಕಟ್ಟಿನ ನೀರು ಏರಿ ಆ ಊರು ಮುಳುಗಿದಾಗ, ಅಡಿಗಲ್ಲನ್ನು ಗಾಡಿಯಲ್ಲಿ ಹೇರಿಕೊಂಡು ಮೇಲೆ ಬಂದರಂತೆ. ಮಗ ಗೋವೆಯಲ್ಲಿ ಕೆಲಸಕ್ಕಿದ್ದಾನೆ, ಸುತ್ತಿಗೆ ಹಿಡಿಯಲಾರ. ಇದ್ದಲು ಸಿಗುವುದು ತ್ರಾಸು. ಸಂತೆಯಲ್ಲಿ ಕಾರ್ಖಾನೆಯ ಕತ್ತಿ ಅಗ್ಗ. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ಮಳೆ ತಡವಾಯಿತು ಎನ್ನುವ ಹಾಗೆ ಹೇಳಿದರು.

“ಕೊಯ್ತಾ ಏನು ಕಡಿಯಾಕ ಬೇಕ್ರಿ?” ಎಂದು ಕೇಳಿದರು.

“ಏನೂ ಕಡಿಯುವುದಿಲ್ಲ. ಮನೆಯಲ್ಲಿ ಇಡುವುದಕ್ಕೆ,” ಎಂದ ನನ್ನ ಅಳಿಯ.

“ಹಾಂಗಂದ್ರ ತಗಡು ಸಾಕಲ್ರಿ. ಬೆಂಕಿ ಯಾಕ?”

ಹುಡುಗ ಕೆಂಪಾದ. ನಿಜವಾದ ಕತ್ತಿಯೇ ಬೇಕೆಂದ. “ಆಗಲಿ, ಬಿದಿರು ಕಡಿಯೋ ಹಾಂಗ ಮಾಡ್ತೇನಿ. ಆಮ್ಯಾಲ ಎಲ್ಲಿ ಬೇಕಾರ ಇಟ್ಕೊಳ್ರಿ,” ಎಂದರು ಆಚಾರಿ. ಮತ್ತೆ ಅವನ ಕೈಯನ್ನು ದಿಟ್ಟಿಸಿ, “ಎಡಗೈ ಬಳಸ್ತೀರೇನು?” ಎಂದರು. ಅವನು ಎಡಚನೇ. ಬಾಯಿಯ ಓರೆಯನ್ನು ಅತ್ತ ತಿರುಗಿಸಬೇಕಂತೆ. ಹನ್ನೆರಡು ಕತ್ತಿ ಕೊಂಡರೂ ಈ ಮಾತನ್ನು ತನ್ನನ್ನು ಯಾರೂ ಕೇಳಿರಲಿಲ್ಲವೆಂದು ಅವನು ಆಮೇಲೆ ನನಗೆ ಹೇಳಿದ.

ಮೂಲೆಯಿಂದ ಲಾರಿಯ ಕಮಾನು ಪಟ್ಟಿಯ ಒಂದು ತುಂಡು ಬಂತು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಲವ್‌ಲೆಸ್ ಮಹಾಶಯನ ಮೊದಲ ಕತ್ತಿಯ ಲೋಹವೂ ಇದೇ ಜಾತಿಯದಲ್ಲವೇ!

ಬಡಿದು, ಚಾಚಿ, ಮೂಗು ಬಗ್ಗಿಸುವ ಕೆಲಸ ಒಂದು ದಿನದ್ದು. ಹದ ಹಾಕುವ ಕೆಲಸ ಕೆಲವೇ ಕ್ಷಣಗಳದ್ದು. ಬಿಸಿಲಿನಲ್ಲಿ ಕೆಂಡದ ಬಣ್ಣ ಮೋಸ ಮಾಡುತ್ತದೆಂದು ಆಚಾರಿ ಬಾಗಿಲು ಮುಚ್ಚಿ ಕತ್ತಲೆ ಮಾಡಿದರು. ಕೆಂಪಾದ ಅಲಗಿನ ಬಾಯಿಯನ್ನಷ್ಟೇ ನೀರಿಗೆ ತಾಗಿಸಿ ಮೇಲೆತ್ತಿ, ಕಲ್ಲಿನಿಂದ ಉಜ್ಜಿ ಹಿಡಿದರು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲನೆ ಬಾಯಿಯ ಕಡೆಗೆ ಇಳಿಯಿತು. ಬೆಳ್ಳಗಿದ್ದ ಅಂಚಿಗೆ ಒಣಹುಲ್ಲಿನ ಬಣ್ಣ ಏರಿತೋ ಇಲ್ಲವೋ, ಕತ್ತಿ ಪೂರ್ತಿ ನೀರಿನಲ್ಲಿತ್ತು. ಬೇಗನೆ ಅದ್ದಿದರೆ ಬಾಯಿ ಹಲ್ಲು ಬೀಳುತ್ತದೆ, ತಡವಾದರೆ ಮಡಚುತ್ತದೆ. ಕವಿತೆಯ ‘ಹದ’, ಭಾಷೆಯ ‘ಹದ’ ಎಂದು ಉತ್ತರಪತ್ರಿಕೆಗಳಲ್ಲಿ ನಾನು ಎಷ್ಟು ಸಲ ಕೆಂಪು ಶಾಯಿಯಲ್ಲಿ ಬರೆದಿದ್ದೇನೋ! ಆ ಶಬ್ದದ ಬಣ್ಣ ಒಣಹುಲ್ಲಿನದೆಂದು ಅಂದೇ ಕಂಡದ್ದು.

ಅಲಗಿನ ಮೇಲೆ ಹೆಸರು ಕೆತ್ತಿಕೊಡಬೇಕೆಂದು ಅಳಿಯ ಕೇಳಿದ. ಅಲ್ಲಿ ಮಾಡಿದವನ ಹೆಸರಿಲ್ಲದ ಕತ್ತಿಗೆ ಬೆಲೆಯಿಲ್ಲವಂತೆ.

“ಹೆಸರು ಯಾಕ್ರಿ? ಬಾಯಿ ಹೋದ್ರ ಹಣಸಾಕ ನನ್ನ ಕಡೇನ ಬರ್ತಾರಲ್ಲ,” ಎಂದರು ಆಚಾರಿ.

ಆಗಲೇ ನನಗೆ ಹೊಳೆದದ್ದು: ಹನ್ನೊಂದು ವರ್ಷದಿಂದ ನಾನೂ ಅವರ ಹೆಸರು ಕೇಳಿರಲಿಲ್ಲ. ಕೇಳಿದೆ, ಹೇಳಿದರು. ಪತ್ರಿಕೆಯಲ್ಲಿ ಬರೆಯಲೇ ಎಂದರೆ ಮಾತ್ರ ಒಪ್ಪಲಿಲ್ಲ. “ಇಲ್ಲದ ಗಿರಾಕಿ ಬರ್ತಾವ ಮಾಸ್ತರ್ರ, ಇದ್ದಲಿ ಎಲ್ಲಿಂದ ತರ್ಲಿ?” ಅಳಿಯ ಕೇಳಿದ್ದಕ್ಕಿಂತ ಮೂರು ಪಟ್ಟು ಹಣ ಕೊಟ್ಟ. ಅವರು ಎಣಿಸಿ ತೆಗೆದುಕೊಂಡರು. ಬೇಡವೆನ್ನಲು ಅವರೇನು ನೀತಿಕಥೆಯ ಪಾತ್ರವಲ್ಲ.

ಅಳಿಯ ಹೋದ ಮೇಲೆ ಕುಳಿತು ಯೋಚಿಸಿದೆ. ಗಾಜಿನ ಪೆಟ್ಟಿಗೆಯ ಕತ್ತಿಗಳನ್ನು ಕಂಡು ನಗುವುದು ಸುಲಭ. ಆದರೆ ಆ ಪೆಟ್ಟಿಗೆಗಳ ಹಣದಿಂದ ಅಲ್ಲಿ ಎಷ್ಟೋ ಕುಲುಮೆಗಳ ಬೆಂಕಿ ಆರದೆ ಉಳಿದಿದೆ. ಲಾಳ ಕಟ್ಟುವವನ ಹೆಸರು ಪ್ರಾಧ್ಯಾಪಕನ ಹೆಸರಿನ ಜೊತೆಗೆ ಅಚ್ಚಾಗುತ್ತದೆ. ಅಲ್ಲಿಯ ಕುಶಲಿಗಳೂ ಕತ್ತಿಯ ಧರ್ಮವನ್ನು ಮರೆತವರಲ್ಲ. 1976ರಲ್ಲಿ ಕಟ್ಟಿದ ಅವರ ಸಂಘದಲ್ಲಿ ‘ಮಾಸ್ಟರ್ ಸ್ಮಿತ್’ ಎನಿಸಿಕೊಳ್ಳಬೇಕಾದರೆ, ತಾನು ಮಾಡಿದ ಕತ್ತಿಯಿಂದ ತೂಗಾಡುವ ಒಂದಂಗುಲದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು. ಮರದ ತೊಲೆಯನ್ನು ಎರಡು ಸಲ ಕಡಿದು ತುಂಡರಿಸಬೇಕು. ಆಮೇಲೂ ಅದು ಕೈಯ ಕೂದಲು ಬೋಳಿಸಬೇಕು. ಕೊನೆಗೆ ಅದನ್ನು ಮೂಲೆಗೋಲಿನ ಹಾಗೆ ಬಗ್ಗಿಸಿದರೆ ಮುರಿಯಬಾರದು. ಹಾಗೆ ಬಗ್ಗಿದ ಕತ್ತಿ ಮುಂದೆ ಕೆಲಸಕ್ಕೆ ಬರುವುದಿಲ್ಲ. ಆದರೆ ಪದವಿ ಕೊಡಿಸುವುದು ಅದೇ.

ನಿಜವಾದ ಗಾಜಿನ ಪೆಟ್ಟಿಗೆ ನನ್ನ ತರಗತಿ. ‘ಉಕ್ಕು’ ಎಂಬ ಶಬ್ದವನ್ನು ವರ್ಷಕ್ಕೊಮ್ಮೆ ಹೊರತೆಗೆದು, ಎಣ್ಣೆ ಸವರಿ, ಒರೆಸಿ ಒಳಗಿಡುತ್ತ ಬಂದಿದ್ದೇನೆ. ಅದರಿಂದ ಒಂದು ದಾರವೂ ತುಂಡಾಗಿಲ್ಲ. ಒಂದು ಕುಲುಮೆಗೆ ಒಂದು ಬುಟ್ಟಿ ಇದ್ದಲೂ ಸಿಕ್ಕಿಲ್ಲ.

ಮೊನ್ನೆ ಆಚಾರಿ ದಾರಿಯಲ್ಲಿ ನಿಲ್ಲಿಸಿ ಕೇಳಿದರು: “ಅಳಿಯಾರು ಕತ್ತಿ ಹಚ್ಚಿದ್ರೇನು? ಬಾಯಿ ನಿಂತೈತೇನ್ರಿ?”

ಹದಿಮೂರನೆಯದಾಗಿ ಅದು ಪೆಟ್ಟಿಗೆ ಸೇರಿದೆಯೆಂದು ನನಗೆ ಗೊತ್ತಿತ್ತು. “ನಿಂತಿದೆ,” ಎಂದೆ.

“ಏನು ಕಡಿದ್ರು?”

ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ, ಟೊಮೇಟೊವನ್ನು ಹೆಚ್ಚುವ ಬದಲು ಹಿಚುಕುತ್ತಿದ್ದ ನಮ್ಮ ಈಳಿಗೆಯನ್ನು ಕಾಗದದಲ್ಲಿ ಸುತ್ತಿಕೊಂಡು ಕುಲುಮೆಗೆ ಬಂದೆ. ಆಚಾರಿ ಅದರ ಅಂಚಿನ ಮೇಲೆ ಹೆಬ್ಬೆರಳಾಡಿಸಿ ಹುಬ್ಬು ಗಂಟಿಕ್ಕಿದರು.

“ಇದನ್ನ ಕಡೀಕ ಹಣಿಸಿದೋರು ಯಾರ್ರಿ?”

“ಯಾರೂ ಇಲ್ಲ,” ಎಂದೆ. ಈ ಸಲ ಹೇಳಿದ್ದು ನಿಜ.